ಜೀನ್ಸಿನ ಗಂಟು ದಾಟುವವರೆಗೆ

ಡಿಸೆಂಬರ್ 8, ಸೋಮವಾರ

ಭಾನುವಾರ ಹೊಲಿಗೆ ಮೆಷಿನ್ ಹೋಗುತ್ತದೆ. ತಿಳಿಸಿದವನು ಮಗ ಶಿವಕಿರಣ್, ಬೆಳಿಗ್ಗೆ ಇಡ್ಲಿ ತಿನ್ನುತ್ತಾ. ಅವನ ಸ್ನೇಹಿತ ರಘು ಜೆ.ಪಿ. ನಗರದಲ್ಲಿ ಕೆಫೆ ತೆರೆಯುತ್ತಿದ್ದಾನೆ. ಹಳೆಯ ಮೆಷಿನ್‌ಗಳ ಕಬ್ಬಿಣದ ಸ್ಟ್ಯಾಂಡ್ ಮೇಲೆ ಗ್ರಾನೈಟ್ ಕೂರಿಸಿ ಟೇಬಲ್ ಮಾಡಿಸುತ್ತಾನಂತೆ. ಮೇಲಿನ ಕಪ್ಪು ತಲೆ ಶೋಕೇಸಿಗೆ. ನನ್ನನ್ನು ಕೇಳಿದ್ದು ಎಲ್ಲ ತೀರ್ಮಾನವಾದ ಮೇಲೆ. ಅದನ್ನು ಕೇಳಿದ್ದು ಅನ್ನಲೂ ಬರುವುದಿಲ್ಲ. ಹೇಳಿದ್ದು.

ಖಾಲಿಯಾಗುವ ಕಿಟಕಿ ಪಕ್ಕದ ಜಾಗಕ್ಕೆ ರಿಕ್ಲೈನರ್ ಕುರ್ಚಿ ಬರುತ್ತದೆ. ನನಗೆ. ಮೇ ತಿಂಗಳಲ್ಲಿ ಸ್ಕೂಲ್ ಆಫೀಸಿನಿಂದ ರಿಟೈರ್ ಆದಾಗಿನಿಂದ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು — ಆರಾಮಾಗಿರು. ಹೇಗೆ ಎಂದು ಯಾರೂ ಹೇಳಿರಲಿಲ್ಲ. ಕಾಲು ಚಾಚಿಕೊಂಡು ಎಂದು ಇವತ್ತು ಗೊತ್ತಾಯಿತು.

"ಅದು ಓಡೋ ಮೆಷಿನ್ನು ಕಣೋ," ಅಂದೆ.

"ಎಲ್ಲಿ ಓಡುತ್ತಮ್ಮ? ಶ್ವೇತಳ ಜೀನ್ಸ್ ಏನಾಯ್ತು?"

ಶ್ವೇತ ಹಿಂದಿನ ಬೀದಿಯ ಪಿ.ಜಿ. ಹುಡುಗಿ. ಕಳೆದ ವಾರ ಹೊಸ ಜೀನ್ಸ್ ತಂದು, ಉದ್ದ ಕಮ್ಮಿ ಮಾಡಿಕೊಡಿ ಆಂಟಿ ಅಂದಿದ್ದಳು. ಮಡಚಿದ ಅಂಚಿನ ಮೇಲೆ ಹೇಗೋ ಹೋಯಿತು. ಪಕ್ಕದ ಹೊಲಿಗೆ ಮಡಿಕೆಯಾಗಿ ಗಂಟಿನಂತೆ ದಪ್ಪಗಾಗುತ್ತದಲ್ಲ, ಅಲ್ಲಿ ನಿಂತಿತು. ಅರ್ಧ ಹೊಲಿದದ್ದನ್ನೇ ವಾಪಸ್ ಕೊಟ್ಟೆ. "ಪರವಾಗಿಲ್ಲ ಆಂಟಿ" ಅಂದಳು. ಆ ಪರವಾಗಿಲ್ಲ ಇನ್ನೂ ಚುಚ್ಚುತ್ತಿದೆ.

"ಭಾನುವಾರದೊಳಗೆ ಜೀನ್ಸ್ ಹೊಲಿದ್ರೆ?"

"ಹೊಲಿದ್ರೆ ಇಟ್ಕೋ. ನಾನೇ ರಘುಗೆ ಬೇಡ ಅಂತೀನಿ."

"ಮೇಘಶ್ರೀ, ಕೇಳಿಸ್ಕೊಂಡ್ಯಾ?"

"ಕೇಳಿಸ್ತು ಅತ್ತೆ," ಸೊಸೆ ಅಡುಗೆಮನೆಯಿಂದ. "ಸಾಕ್ಷಿ ನಾನು."

ಡಿಸೆಂಬರ್ 9, ಮಂಗಳವಾರ

ಸೂಜಿ ಮುರಿಯಿತು. ಹಳೆಯ ಲುಂಗಿ ಬಟ್ಟೆ ಎರಡು ಪದರ — ಸರಾಗ. ಜೀನ್ಸ್ ನಾಲ್ಕು ಪದರ — ಟಣ್. ಪ್ರಯೋಗಕ್ಕೆ ಶಿವಕಿರಣನ ಹಳೆಯ ಜೀನ್ಸಿನ ಒಂದು ಕಾಲು ಕತ್ತರಿಸಿಕೊಂಡಿದ್ದೇನೆ. ಅವನನ್ನು ಕೇಳಿಲ್ಲ. ಅವನೂ ನನ್ನನ್ನು ಕೇಳಿರಲಿಲ್ಲ.

ಬನಶಂಕರಿಗೆ ಹೋಗಿ ಹದಿನೆಂಟನೇ ನಂಬರಿನ ಸೂಜಿ ತಂದೆ. ಇದುವರೆಗೆ ಇದ್ದದ್ದು ಹದಿನಾಲ್ಕು, ಬ್ಲೌಸಿಗೆ ಹಾಕುವುದು. ಅಂಗಡಿಯವರಿಗೆ ಸೂಜಿಗಿಂತ ಬುದ್ಧಿ ಮಾರುವ ಆಸೆ.

"ಮೇಡಂ, ಅದು ಬ್ಲೌಸ್ ಮೆಷಿನ್ನು. ಜೀನ್ಸಿಗೆ ಪವರ್ ಮೆಷಿನ್ನೇ ಬೇಕು. ಸುಮ್ನೆ ಯಾಕೆ ಒದ್ದಾಡ್ತೀರಾ?"

"ಒದ್ದಾಡೋದು ನಾನಲ್ವಾ? ನೀವು ಸೂಜಿ ಕೊಡಿ."

ಮಧ್ಯಾಹ್ನ ಮೂರು. ದಪ್ಪ ಸೂಜಿ ಹಾಕಿದ ಮೇಲೆ ನಾಲ್ಕು ಪದರ ದಾಟಿತು. ಗಂಟಿನ ಬಳಿ ಮಾತ್ರ ಮತ್ತೆ ನಿಂತಿತು. ಆದರೂ ಮುನ್ನಡೆ.

ಡಿಸೆಂಬರ್ 10, ಬುಧವಾರ, ಬೆಳಿಗ್ಗೆ

ನಿನ್ನೆ ದಾಟಿದ ನಾಲ್ಕು ಪದರವೂ ಇವತ್ತು ಆಗುತ್ತಿಲ್ಲ. ಅದೇ ಸೂಜಿ, ಅದೇ ದಾರ, ಅದೇ ಜೀನ್ಸಿನ ಕಾಲು. ಪೆಡಲ್ ತುಳಿದರೆ ಕೆಳಗಿನ ದೊಡ್ಡ ಚಕ್ರ ತಿರುಗುತ್ತದೆ, ಚರ್ಮದ ಬೆಲ್ಟ್ ಜಾರುತ್ತದೆ, ಮೇಲಿನ ಚಕ್ರ ಅಲುಗುವುದಿಲ್ಲ. ಬೆಲ್ಟ್ ಸಡಿಲವಾಗಿದೆ ಎಂದು ಒಂದು ಬೆರಳಗಲ ಕತ್ತರಿಸಿ, ತಂತಿಯ ಕೊಂಡಿ ಹಾಕಿ ಬಿಗಿ ಮಾಡಿದೆ. ಬೆಲ್ಟ್ ಜಾರುವುದು ನಿಂತಿತು. ಈಗ ಪೆಡಲ್ಲೇ ಕದಲುವುದಿಲ್ಲ.

ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದರು.

"ಯಾಕೆ ಹಠ ಮಂಗಳಾ? ಆರಾಮಾಗಿರು."

ಸ್ಕ್ರೂಡ್ರೈವರ್ ನನ್ನ ಬಾಯಲ್ಲಿತ್ತು. ಅವರ ಅದೃಷ್ಟ.

ಮಧ್ಯಾಹ್ನ ಎರಡೂವರೆ — ಓಡುತ್ತಿದೆ! ಬೆಳಿಗ್ಗೆಯಿಂದ ಯಾರೂ ಮುಟ್ಟಿಲ್ಲ. ಆದರೆ ಬಟ್ಟೆ ಒತ್ತಿ ಹಿಡಿಯುವ ಪಾದ ಪೂರ್ತಿ ಇಳಿಯುತ್ತಿಲ್ಲ. ಲಿವರ್ ಇಳಿಸಿದರೂ ಪಾದ ಮೇಲೇ ತೇಲುತ್ತದೆ. ಹಿಡಿತವಿಲ್ಲದೆ ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಿ ಗೂಡು ಕಟ್ಟುತ್ತದೆ.

ಸಂಜೆ ರಘು ಟೇಬಲ್ಲಿನ ಚಿತ್ರ ಕಳಿಸಿದ್ದಾನೆ. ಮೂಲ: ಮೇಘಶ್ರೀಯ ಫೋನ್. ನಾನು ಕಾಲಿಡುವ ಪೆಡಲ್ ಮೇಲೆ ಒಂದು ಹೂವಿನ ಕುಂಡ.

ಡಿಸೆಂಬರ್ 12, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಸೂಜಿ ಹೆಬ್ಬೆರಳಿಗೆ ಹೋಯಿತು. ಜೀನ್ಸಿಗಿಂತ ನಾನು ಮೆತ್ತಗೆ ಕಂಡಿರಬೇಕು. ಟಿ.ಟಿ. ಇಂಜೆಕ್ಷನ್ ಆಯಿತು. ಕರೆದುಕೊಂಡು ಹೋಗಿದ್ದು ಶಿವಕಿರಣ್. ಮನೆ ಬಾಗಿಲಲ್ಲಿ ಅಂದ: "ಸಾಕಮ್ಮ ಇನ್ನು."

"ಸಾಕು ಅನ್ನೋದು ನಾನು."

ಇವತ್ತು ಪೇಪರ್ ಓದುವಾಗ ಹವಾಮಾನದ ಚೌಕದಲ್ಲಿ ಕಣ್ಣು ನಿಂತಿತು. ರದ್ದಿಯಿಂದ ಈ ವಾರದ ಪೇಪರ್‌ಗಳನ್ನೆಲ್ಲ ಎಳೆದೆ. ಬುಧವಾರ ಬೆಳಿಗ್ಗೆ ವಾರದಲ್ಲೇ ಹೆಚ್ಚು ಚಳಿ. ಅವತ್ತೇ ಪೆಡಲ್ ಕದಲಲಿಲ್ಲ. ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದ ಮೇಲೆ ತಾನಾಗಿ ಓಡಿತು. ಈ ಮನೆಯಲ್ಲಿ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ನೀರು ಆಗುವ ವಸ್ತು ಇನ್ನೊಂದಿದೆ. ಕನ್ನಡಿ ಮುಂದೆ ಇರುತ್ತದೆ. ಕೊಬ್ಬರಿ ಎಣ್ಣೆ.

ಮೇಘಶ್ರೀಯ ಹೇರ್ ಡ್ರೈಯರ್ ತಂದು ಮೆಷಿನ್ ತಲೆಗೆ ಬಿಸಿ ಗಾಳಿ ಹಿಡಿದೆ. ಮೂಗು ಹತ್ತಿರ ತಂದೆ. ಬಂತು ವಾಸನೆ.

"ಇದಕ್ಕೆ ತಲೆಗೆ ಹಚ್ಚೋ ಎಣ್ಣೆ ಹಾಕಿದ್ಯಾರು?"

ಇವರು ಪೇಪರ್ ಇಳಿಸಲಿಲ್ಲ. ಹಿಂದಿನಿಂದಲೇ ಅಂದರು: "ಲಾಕ್‌ಡೌನಲ್ಲಿ ನೀನು ಮಾಸ್ಕ್ ಹೊಲೀತಿದ್ಯಲ್ಲ, ಆವಾಗ ಕಿರ್ ಕಿರ್ ಅಂತಿತ್ತು. ಅಂಗಡಿ ಎಲ್ಲಾ ಬಂದ್. ಎಣ್ಣೆ ಎಣ್ಣೇನೇ ಅಲ್ವಾ ಅಂತ..."

"ಒಂದೇ ಸಲಾನಾ?"

"ಆಯುಧಪೂಜೆಗೂ ಸ್ವಲ್ಪ."

"ಪ್ರತಿ ವರ್ಷಾನಾ?"

"ಹೊಳೀಲಿ ಅಂತ ಕಣೆ."

"ಅತ್ತೆ, ಮಾವ ಮೆಷಿನ್ನಿಗೆ ಎಣ್ಣೆಸ್ನಾನ ಮಾಡ್ಸಿದಾರೆ," ಅಂದಳು ಮೇಘಶ್ರೀ. ನಗು ತಡೆಯಲಾರದೆ ಒಳಗೆ ಹೋದಳು.

ಅಷ್ಟೇ ಅಲ್ಲ. ಪೂಜೆಯ ದಿನ ಇವರು ಮೆಷಿನ್ನಿನ ತೋಳಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಾರೆ. ಎಣ್ಣೆ ಬಿಡುವ ತೂತುಗಳಿರುವುದೂ ಅಲ್ಲಿಯೇ. ವರ್ಷವರ್ಷದ ವಿಭೂತಿ ತೂತಿನೊಳಗೆ ಇಳಿದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಪಾದದ ಸರಳಿನ ಸುತ್ತ ಗಾರೆಯಂತೆ ಕೂತಿದೆ. ತೆಳು ಬಟ್ಟೆಗೆ ಅಷ್ಟು ಬಲ ಬೇಕಿಲ್ಲ, ಹೇಗೋ ನಡೆಯಿತು. ದಪ್ಪ ಬಟ್ಟೆಗೆ ಪೂರ್ತಿ ಬಲ ಬೇಕು, ಅದು ಗಾರೆಯಲ್ಲೇ ಖರ್ಚಾಗುತ್ತಿತ್ತು.

ಮೆಷಿನ್ನಿಗೆ ವಯಸ್ಸಾಗಿಲ್ಲ. ಅದಕ್ಕೆ ಆರೈಕೆ ಹೆಚ್ಚಾಗಿದೆ.

ಡಿಸೆಂಬರ್ 13, ಶನಿವಾರ

ಪಾದ ಇಳಿಯುತ್ತಿದೆ. ಟಕ್ ಎಂದು ತಳಕ್ಕೆ ಕೂರುತ್ತದೆ.

ಎಡಬದಿಯ ಮುಚ್ಚಳ ಬಿಚ್ಚಿದೆ. ಡ್ರೈಯರ್, ಹಳೆಯ ಸೀರೆಯ ಚಿಂದಿ, ಕಿವಿಗೆ ಹಾಕುವ ಬಡ್ಸ್. ನಿಜವಾದ ಮೆಷಿನ್ ಆಯಿಲ್ ಬಿಟ್ಟು ಚಕ್ರ ತಿರುಗಿಸಿದಷ್ಟೂ ಬೂದು ಬಣ್ಣದ ಹಿಟ್ಟು ಬಂತು. ಇವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಕೇಳುವ ಮುಂಚೆಯೇ ಬಡ್ಸ್ ಕೊಡುತ್ತಿದ್ದರು. ಆರಾಮದ ಮಾತು ಇವತ್ತು ಬರಲಿಲ್ಲ.

ಗಂಟು ಇನ್ನೂ ಬಾಕಿ ಇತ್ತು. ಪಾದ ಗಂಟು ಹತ್ತುವಾಗ ಮೂತಿ ಮೇಲೆ, ಹಿಮ್ಮಡಿ ಕೆಳಗೆ. ಓರೆಯಾಗಿ ನಿಂತ ಪಾದ ಬಟ್ಟೆಯನ್ನು ಹಿಡಿಯುವುದಿಲ್ಲ, ಮುಂದಕ್ಕೂ ಬಿಡುವುದಿಲ್ಲ. ನಿನ್ನೆಯ ಪೇಪರ್ ಗಂಟಿನಷ್ಟೇ ದಪ್ಪ ಬರುವಂತೆ ಮಡಚಿ ಹಿಮ್ಮಡಿಯ ಕೆಳಗೆ ಇಟ್ಟೆ. ಪಾದ ಸಮವಾಯಿತು. ಪೆಡಲ್ ಬಿಟ್ಟು, ಕೈಯಲ್ಲೇ ಚಕ್ರ ತಿರುಗಿಸಿ, ಒಂದೊಂದೇ ಹೊಲಿಗೆ.

ದಾಟಿತು.

ಶಿವಕಿರಣನಿಗೆ ಹೇಳಿಲ್ಲ. ತೋರಿಸುತ್ತೇನೆ.

ಡಿಸೆಂಬರ್ 14, ಭಾನುವಾರ, ಸಂಜೆ

ಮೆಷಿನ್ ಹೋಗಲಿಲ್ಲ. ಪ್ರತ್ಯಕ್ಷ ವರದಿ, ನನ್ನದೇ.

ರಘು ಹನ್ನೊಂದಕ್ಕೆ ಟೆಂಪೋ ಸಮೇತ ಬಂದ. ಕೈಯಲ್ಲಿ ಅಳತೆ ಟೇಪು. ನಾನು ಮೆಷಿನ್ ಮುಂದೆ ಕೂತು, ಹೊಲಿದ ತುಂಡನ್ನು ಶಿವಕಿರಣನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ.

"ಇದು ನನ್ ಜೀನ್ಸ್ ಅಲ್ವೇನಮ್ಮ?"

"ಹೌದು. ಇನ್ನೊಂದು ಕಾಲು ಬೀರುವಿನಲ್ಲಿದೆ."

"ಇದು ಹಳೇದು, ಒಗ್ದು ಒಗ್ದು ಮೆತ್ತಗಾಗಿರೋದು. ಇದು ಲೆಕ್ಕಕ್ಕಿಲ್ಲ. ಹೊಸದು ಹೊಲಿ ನೋಡೋಣ."

ಹೊಸದು ಎದುರಿಗೇ ನಿಂತಿತ್ತು. ರಘುವಿನದ್ದು. ಉದ್ದ ಹೆಚ್ಚಾಗಿ ಕೆಳಗೆ ಮಡಚಿಕೊಂಡಿದ್ದ.

"ರಘು, ಬಿಚ್ಚಪ್ಪ."

"ಆಂಟಿ!"

"ರೂಮಿಗೆ ಹೋಗಿ ಬಿಚ್ಚು. ಅಂಕಲ್ ಪಂಚೆ ಕೊಡ್ತಾರೆ."

"ಹೋಗು ಮಗಾ," ಅಂದ ಶಿವಕಿರಣ್, "ಐದು ನಿಮಿಷದಲ್ಲಿ ಗೊತ್ತಾಗುತ್ತೆ."

ಇವರ ಜರಿ ಪಂಚೆ ಉಟ್ಟು, ಮೇಲೆ ಇಂಗ್ಲಿಷ್ ಬರೆದ ಟೀ ಶರ್ಟಿನಲ್ಲಿ ರಘು ನನ್ನ ಪಕ್ಕ ನಿಂತ. ಟೆಂಪೋದವನು ಬಾಗಿಲಿಗೆ ಬಂದು ನೋಡಿ, ಗೃಹಪ್ರವೇಶವೋ ಎಂಬಂತೆ ಚಪ್ಪಲಿ ಬಿಟ್ಟು ಒಳಗೆ ಬಂದ.

ಮೊದಲ ಕಾಲು ದಾಟಿತು. ಎರಡೂ ಗಂಟು. ಎರಡನೇ ಕಾಲಿನಲ್ಲಿ ಉಮೇದು ಹೆಚ್ಚಾಯಿತು. ಪೇಪರ್ ಇಡದೆ ತುಳಿದೆ. ಟಣ್. ಸೂಜಿಯ ತುದಿ ಟೆಂಪೋದವನ ಕಾಲ ಬಳಿ ಬಿತ್ತು.

"ಅಮ್ಮ," ಶಿವಕಿರಣ್ ಮೆಲ್ಲಗೆ, "ಬಿಡು. ನೀನು ಟ್ರೈ ಮಾಡಿದೆ."

"ಮುರಿದದ್ದು ಸೂಜಿ. ನಾನಲ್ಲ."

ಬ್ಯಾಂಡೇಜಿನ ಹೆಬ್ಬೆರಳಿನಲ್ಲಿ ಸ್ಕ್ರೂ ಸಡಿಲಿಸಲು ಬರಲಿಲ್ಲ. ಇವರು ಬಗ್ಗಿ ಸ್ಕ್ರೂ ತಿರುಗಿಸಿದರು. ಹೊಸ ಸೂಜಿ. ಮೇಘಶ್ರೀ ಇವತ್ತಿನ ಪೇಪರನ್ನೇ ಮಡಚಿ ಕೊಟ್ಟಳು, ಇವರು ಇನ್ನೂ ಓದಿರಲಿಲ್ಲ. ಚಕ್ರ ಕೈಯಲ್ಲಿ. ಒಂದು ಹೊಲಿಗೆ. ಇನ್ನೊಂದು. ಪಾದ ಗಂಟು ಹತ್ತಿತು, ಮೇಲೆ ನಿಂತಿತು, ಇಳಿಯಿತು.

ರಘು ಒಳಗೆ ಹೋಗಿ ಹಾಕಿಕೊಂಡು ಬಂದ. ಕನ್ನಡಿ ಮುಂದೆ ಆ ಕಡೆ, ಈ ಕಡೆ.

"ಸಖತ್ತಾಗಿದೆ ಆಂಟಿ." ಆಮೇಲೆ ಶಿವಕಿರಣನ ಕಡೆ ತಿರುಗಿ, "ಗುರು, ಸ್ಟ್ಯಾಂಡು...?"

ಶಿವಕಿರಣ್ ನನ್ನನ್ನು ನೋಡಿದ. ಹೆಬ್ಬೆರಳನ್ನು ನೋಡಿದ.

"ಬೇರೆ ಕಡೆ ನೋಡ್ಕೋ ಮಗಾ. ಇದು ಓಡೋ ಮೆಷಿನ್ನು."

"ಸಾಕ್ಷಿ ನಾನು," ಅಂದಳು ಮೇಘಶ್ರೀ.

ಟೆಂಪೋ ಖಾಲಿ ಹೋಯಿತು. ರಘು ಟೇಪು ಮರೆತು ಹೋಗಿದ್ದಾನೆ. ಉಪಯೋಗಕ್ಕೆ ಬರುತ್ತದೆ.

ದೀಪ ಹಚ್ಚುವ ಹೊತ್ತಿಗೆ ಇವರು ವಿಭೂತಿ ಉಂಡೆ ಹಿಡಿದು ಮೆಷಿನ್ ಹತ್ತಿರ ಬಂದು ನಿಂತರು. "ಒಂದ್ಸಲ ಹಚ್ಲಾ?"

"ಹಚ್ಚಿ. ತೂತು ಬಿಟ್ಟು."

ಅಂಗಡಿಯವರು ರಿಕ್ಲೈನರ್ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಮಂಗಳವಾರ ಬರುತ್ತದೆ. ಹಾಲ್‌ನಲ್ಲಿ, ಟಿ.ವಿ. ಎದುರು, ಇವರಿಗೆ. ಆರಾಮಾಗಿರಲಿ.

ನಾಳೆ ಹತ್ತು ಗಂಟೆಗೆ ಶ್ವೇತ ಬರುತ್ತಾಳೆ, ಅರ್ಧ ಹೊಲಿದ ಜೀನ್ಸ್ ತೆಗೆದುಕೊಂಡು. ಪಿ.ಜಿ.ಯಿಂದ ಇನ್ನಿಬ್ಬರೂ ಇದ್ದಾರಂತೆ. ಅಷ್ಟರೊಳಗೆ ಬಾಬಿನ್‌ಗೆ ನೀಲಿ ದಾರ ಸುತ್ತಿಡಬೇಕು.