ಬಾಲ್ಬಿನೊನ ಪಕ್ಕದ ಶಿಲುಬೆ

ಸಿಪ್ರಿಯಾನೊ,

'ಪರಗ್ವೆ ದೇಶದ ಮಾನ್ಯ ಉಪಾಧ್ಯಕ್ಷರೇ' ಎಂದು ಶುರು ಮಾಡೋಣ ಎಂದಳು ಶಾಲೆಯಲ್ಲಿ ಪಾಠ ಹೇಳುವ ಇಸಿದೋರಾ. ನನಗೆ ಅಕ್ಷರ ಬಾರದು, ಬರೆಯುತ್ತಿರುವವಳು ಅವಳು. ನನ್ನ ಮಡಿಲಲ್ಲಿ ಉಚ್ಚೆ ಹೊಯ್ದವನು ಎಂಥ ಮಾನ್ಯ ಎಂದೆ. ಬೈಗುಳ ಬಂದ ಕಡೆ ಮೆತ್ತಗೆ ಮಾಡಿಬಿಡುತ್ತಾಳೆಂಬ ಗುಮಾನಿಯಿಂದ ಪ್ರತಿ ಸಾಲನ್ನೂ ಓದಿಸಿ ಕೇಳುತ್ತಿದ್ದೇನೆ. ನನಗೆ ಸಿಟ್ಟು ಬಂದಿದೆ. ಅದು ನಿನಗೆ ಹಾಗೆಯೇ ತಲುಪಬೇಕು.

ನಿನ್ನೆ ಯಾರದೋ ಆಳುಗಳು ಬಂದು ನಮ್ಮ ಹೊಲದಲ್ಲಿ ಬೇಲಿಯ ಗೂಟ ಇಳಿಸಿದರು. ಅದು ಸರ್ಕಾರದ ಜಮೀನಂತೆ, ಮಾರಾಟವಾಯಿತಂತೆ. ಅಂಚಿನಲ್ಲಿರುವ ಸತ್ತವರ ಶಿಲುಬೆಗಳನ್ನು ನೀವೇ ಕಿತ್ತುಕೊಳ್ಳಿ, ಶಿಲುಬೆ ಹಬ್ಬದ ಮರುದಿನ ಕೆಲಸ ಶುರು ಎಂದರು. ಮಾರಿದ್ದು ಯಾರು ಎಂದು ಕೇಳಿದೆ. ಅವರಲ್ಲೊಬ್ಬ ನಕ್ಕ. "ನಿನ್ ತಮ್ಮನೇ ಕಣಜ್ಜಿ. ಅಧ್ಯಕ್ಷರು ಕಾಯಿಲೆ ಬಿದ್ದಾಗ ಕುರ್ಚೀಲಿ ಕೂತು ರುಜು ಹಾಕಿದ್ದು ಅವರೇ."

ನೆರೆಯ ಮೂರು ದೇಶಗಳ ಜೊತೆಗಿನ ಯುದ್ಧ ಮುಗಿದಾಗ ಈ ಊರಿನಲ್ಲಿ ಗಂಡಸರೆಂದರೆ ಕುರುಡ ಪಾದ್ರಿ ಮತ್ತು ನೀನು. ಎತ್ತುಗಳನ್ನು ಸೈನ್ಯಗಳು ತಿಂದು ಮುಗಿಸಿದ್ದವು. ಅದೇ ಹೊಲದಲ್ಲಿ ನೊಗಕ್ಕೆ ಹೆಗಲು ಕೊಟ್ಟು ಮರಗೆಣಸು ಬೆಳೆದವರು ನಾವು ಹೆಂಗಸರು. ಅದನ್ನು ತಿಂದೇ ನೀನು ಬದುಕಿದೆ. ಅಮ್ಮನ ಲಂಗ ಬಿಚ್ಚಿ ನಿನಗೆ ಅಂಗಿ ಹೊಲಿದೆ, ಅದನ್ನೇ ತೊಟ್ಟು ನೀನು ರಾಜಧಾನಿ ಅಸುನ್ಸಿಯೋನಿಗೆ ಹೋದೆ. ನಮ್ಮನ್ನು ಸೋಲಿಸಿದವರ ಕಚೇರಿಯಲ್ಲೇ ಗುಮಾಸ್ತನಾದೆ, ನಾನು ಬಾಯಿ ಮುಚ್ಚಿಕೊಂಡೆ. ಸೆನೆಟರ್ ಆದೆ, ಉಪಾಧ್ಯಕ್ಷನಾದೆ, ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಶಾಲೆಗೊಂದು ಹೆಂಚಿನ ಮಾಡು ಹಾಕಿಸು ಎಂದಾಗ, "ನಾನು ಬರೀ ಉಪಾಧ್ಯಕ್ಷ ಅಕ್ಕಾ, ನನ್ ಕೈಲೇನಿದೆ" ಎಂದೆ. ನಂಬಿದೆನಲ್ಲ ನಾನು. ಮಾಡು ಹಾಕಿಸಲು ಏಳದ ಕೈ ಹೊಲ ಮಾರಲು ಎದ್ದಿತು.

ಬಾಲ್ಬಿನೊ ನೆನಪಿದ್ದಾನೆಯೇ? ಗಾಯಗೊಂಡ ನಿನ್ನನ್ನು ಜೌಗಿನಿಂದ ಹೊತ್ತು ತಂದ ನಿನ್ನ ಅಣ್ಣ. ನಿನ್ನನ್ನು ನನ್ನ ಹೊಸಿಲಲ್ಲಿ ಇಳಿಸಿ, "ಇವನ್ನ ನೋಡ್ಕೋ, ನಮ್ಮಲ್ಲಿ ಓದಿರೋನು ಇವನೊಬ್ನೇ" ಎಂದು ಮತ್ತೆ ಯುದ್ಧಕ್ಕೆ ಹೋದ. ಹೆಣವೂ ಬರಲಿಲ್ಲ. ಅವನದು ಎಂದು ನನಗೆ ಉಳಿದಿರುವುದು ಹೊಲದಂಚಿನ ಆ ಶಿಲುಬೆ ಮಾತ್ರ. ಪ್ರತಿ ಶಿಲುಬೆ ಹಬ್ಬಕ್ಕೂ ಹೊಸ ಬಿಳಿ ಬಟ್ಟೆ ನೇಯ್ದು ಅದರ ತೋಳುಗಳಿಗೆ ಹೊದಿಸುತ್ತೇನೆ. ಕಳೆದ ವರ್ಷ ನೀನು ಬಂದು ನನ್ನ ಬಟ್ಟೆ ಸರಿಸಿ ನಿನ್ನ ಪದವಿಯ ರೇಷ್ಮೆ ಪಟ್ಟಿ ಹೊದಿಸಿದೆ. ಜನ ಕಣ್ಣೊರೆಸಿಕೊಂಡರು, ನಾನೂ ಅತ್ತುಬಿಟ್ಟೆ. ಆಗಲೇ ರುಜು ಹಾಕಿ ಬಂದಿದ್ದೆಯೋ ಏನೋ. ಆ ಪಟ್ಟಿಯನ್ನು ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ, ನಿನ್ನ ಹೊಟ್ಟೆಗೇ ಸುತ್ತಿಕೋ.

ಇವತ್ತು ಬಾಲ್ಬಿನೊನ ಪಕ್ಕದಲ್ಲಿ ಇನ್ನೊಂದು ಶಿಲುಬೆ ನೆಟ್ಟಿದ್ದೇವೆ. ಗುಂಡಿ ತೋಡಿದವಳು ನಾನೇ. ಅದು ನಿನ್ನದು. ಹಬ್ಬದೊಳಗೆ ಬಂದು, ಬೇಲಿಯವರನ್ನು ವಾಪಸು ಕಳಿಸಿ, ಅದನ್ನು ನಿನ್ನ ಕೈಯಾರೆ ಕಿತ್ತುಹಾಕು. ಆ ಸೌದೆಯಲ್ಲೇ ನಿನಗೆ ಚೀಪಾ ರೊಟ್ಟಿ ಸುಟ್ಟುಕೊಡುತ್ತೇನೆ. ಬಾರದಿದ್ದರೆ ಹಬ್ಬದ ದಿನ ಎರಡು ಶಿಲುಬೆಗೆ ಬಟ್ಟೆ ಹೊದಿಸುತ್ತೇನೆ. ಮರುದಿನ ಆಳುಗಳು ಬಂದಾಗ ನಾವು ಹೆಂಗಸರೆಲ್ಲ ಅಲ್ಲೇ ಕೂತಿರುತ್ತೇವೆ, ನೀನು ಮಾತ್ರ ನಮ್ಮ ಪಾಲಿಗೆ ಇರುವುದಿಲ್ಲ.

'ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ' ಎಂದು ಇಸಿದೋರಾ ತಾನಾಗಿಯೇ ಸೇರಿಸಿದ್ದಾಳೆ. ಹೊಡೆದುಹಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ನಿನ್ನ ಶಿಲುಬೆಯ ಬಟ್ಟೆ ಮಗ್ಗದ ಮೇಲಿದೆ, ಅರ್ಧ ನೇಯ್ದಾಗಿದೆ.

ನಿನ್ನ ಅಕ್ಕ,
ಪೆತ್ರೊನಾ