ಹೊಸ ಕೀಲು

ರಾಜಘಟ್ಟ
೧೬ ಫೆಬ್ರವರಿ ೨೦೨೫

ಶ್ರೀಧರ್ ಅವರಿಗೆ ಪ್ರಮೋದಾಳ ನಮಸ್ಕಾರ.

ಒಂದೂವರೆ ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಇದು ಕೋರ್ಟಿನ ಕಾಗದವಲ್ಲ. ಫೋನಿನಲ್ಲಿ ಮಾತು ಶುರುವಾದರೆ ಇಬ್ಬರೂ ಜಗಳಕ್ಕೆ ಇಳಿಯುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸೊಂಟದ ಕೀಲನ್ನು ಮತ್ತೆ ಬದಲಾಯಿಸಿದರು. ನಿಮಗೆ ತಿಳಿಸಬೇಡ ಎಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದೆ. ಕಂಡಕ್ಟರ್ ಡ್ಯೂಟಿಯಲ್ಲಿ ನಾನು ಬಸ್ಸಿನ ಮೆಟ್ಟಿಲಿಂದ ಬಿದ್ದಾಗ ಹಾಕಿದ್ದ ಲೋಹದ ಕೀಲು ನೆನಪಿದೆಯಲ್ಲ? ನಾನು ನೋವು ಅಂದಾಗಲೆಲ್ಲ ನೀವು "ಎಕ್ಸ್‌ರೇ ಸರಿಯಾಗೈತೆ, ಎಲ್ಲಾ ನಿನ್ ಮನಸ್ಸಲ್ಲಿರೋದು ಕಣೇ" ಅನ್ನುತ್ತಿದ್ದಿರಿ. ಆ ಮಾತಿಗೇ ನಾನು ಮನೆ ಬಿಟ್ಟು ಅಕ್ಕನಲ್ಲಿಗೆ ಬಂದದ್ದು. ಈಗ ತೆರೆದು ನೋಡಿದರೆ, ಲೋಹ ಸವೆದು ಉದುರಿದ ಪುಡಿಗೆ ಸುತ್ತಲಿನ ಮಾಂಸವೆಲ್ಲ ಕೆರಳಿ, ಊದಿ, ಕಪ್ಪಾಗಿತ್ತಂತೆ. ನೋವು ನಿಜವಾಗಿತ್ತು ಕಣ್ರೀ. ಅದು ನಿಮಗೆ ಗೊತ್ತಾಗಬೇಕಿತ್ತು, ಅಷ್ಟೇ.

ಈ ಸಲ ಹಾಕಿರುವುದು ಸಿರಾಮಿಕ್ ಕೀಲು. ಮೊದಮೊದಲು ಚೆನ್ನಾಗಿದ್ದೆ. ಒಂದು ಬೆಳಗ್ಗೆ ಎದ್ದರೆ ತೊಡೆ ಊದಿ ಬಿಸಿಯಾಗಿತ್ತು, ಕಾಲು ಊರಲಾಗಲಿಲ್ಲ. ಇದನ್ನೂ ನನ್ನ ಮೈ ಒಲ್ಲೆ ಅಂತಿದೆ ಅಂದುಕೊಂಡೆ. "ತೆಗೆದ್ಬಿಡಿ ಡಾಕ್ಟ್ರೇ, ಕೋಲು ಹಿಡ್ಕೊಂಡೇ ಬದುಕ್ತೀನಿ" ಎಂದು ಅತ್ತುಬಿಟ್ಟೆ. ಆಪರೇಷನ್ ಮಾಡಿದ ಡಾಕ್ಟರ್ ಖುಷ್ನುಮಾ ಗದರಿದರು. "ಮೊದ್ಲು ಸೋಂಕಿದೆಯಾ ಅಂತ ನೋಡೋಣ, ಆಮೇಲೆ ಅಳಿ" ಎಂದು ಕೀಲಿನೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಸೋಂಕಿದ್ದರೆ ಮತ್ತೆ ಆಪರೇಷನ್. ವರದಿಗೆ ಕಾಯುತ್ತಾ ಮಲಗಿದ್ದಾಗ ನೀವು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಅಕ್ಕನಿಗೂ ಅದನ್ನು ಹೇಳಲಿಲ್ಲ.

ಸೋಂಕಿರಲಿಲ್ಲ. "ಗಾಯ ಮಾಯೋವಾಗ ಮೈ ಕೆರಳೋದು ಸಹಜ ಕಣಮ್ಮ. ಸಿರಾಮಿಕ್ ಸವೆಯೋದು ತೀರಾ ಕಮ್ಮಿ, ಅದ್ರ ಪುಡಿಗೆ ಮೈ ಅಷ್ಟಾಗಿ ರೇಗಲ್ಲ. ಸ್ವಲ್ಪ ಟೈಮ್ ಕೊಡಿ" ಅಂದರು. ಕೊಟ್ಟೆ. ದಿನ ಕಳೆದಂತೆ ಊತ ಇಳಿಯಿತು. ಈಗ ಅಕ್ಕನ ಮನೆಯ ಮಹಡಿ ಹತ್ತಿ ಬಟ್ಟೆ ಒಣಗಿಸಿ ಬರುತ್ತೇನೆ. ಡಿಪೋದಲ್ಲಿ ಕೂತು ಮಾಡುವ ಕೆಲಸಕ್ಕೆ ಮುಂದಿನ ತಿಂಗಳು ಬಾ ಅಂದಿದ್ದಾರೆ. ಕಾಲು ಗಟ್ಟಿಯಾದ ಮೇಲೆ ನನ್ನ ಹಳೇ ಘಾಟಿ ರೂಟಿನ ಬಸ್ಸಿನಲ್ಲೇ ಮತ್ತೆ ಟಿಕೆಟ್ ಹರಿಯಬೇಕೆಂದು ಆಸೆ.

ಬರುವ ಭಾನುವಾರ ಕ್ಯಾಬ್ ನಿಲ್ಲಿಸಿ ಇತ್ತ ಬಂದರೆ ಊಟಕ್ಕೆ ಕಾಯುತ್ತೇನೆ. ನೋವಿನ ಮಾತು ತೆಗೆದರೆ ಈ ಸಲ ಪೂರ್ತಿ ಕೇಳಿ. ನಿಮ್ಮ ಮಾತೂ ಕೇಳುತ್ತೇನೆ.

ಇಂತಿ,
ಪ್ರಮೋದಾ

ತಾ.ಕ.: ಮಂಗಳವಾರ ದೇವನಹಳ್ಳಿಗೆ ಬಂದಿದ್ದೆ. ಕೋಲಿಲ್ಲದೆ ಮೊದಲ ಸಲ ನಡೆದದ್ದು ನಿಮ್ಮ ಬೀದಿಯಲ್ಲೇ. ನೀವು ಏರ್‌ಪೋರ್ಟಿಗೆ ಬಾಡಿಗೆ ಹೋಗಿದ್ದಿರಂತೆ. ಬಾಗಿಲಲ್ಲಿ ಬಾಡಿದ್ದ ಮಲ್ಲಿಗೆ ಗಿಡಕ್ಕೆ ನೀರು ಹಾಕಿದ್ದು ಪಕ್ಕದ ಮನೆಯವರಲ್ಲ, ನಾನು.