‘ಯೆಸ್ ಒತ್ತು’ ಅಂದ ತಮ್ಮನಿಗೆ

ಆಸ್ಪತ್ರೆಯ ಹಿಂಬದಿ, ಧ್ವನಿಮುದ್ರಣದ ಕೋಣೆ
ಮಾರ್ಚ್ ೧೧, ಬುಧವಾರ, ಊಟದ ಬಿಡುವು

ಪ್ರೀತಿಯ ತಮ್ಮಾ,

‘ಪ್ರೀತಿಯ’ ಎಂದು ಕೈ ತಾನಾಗಿಯೇ ಬರೆಯಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ. ಆರೋಗ್ಯವೇ? ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಯಿಂದ ಬಂದವನೇ ತಣ್ಣೀರು ಸುರಿದುಕೊಳ್ಳಬೇಡ ಎಂದು ಅಪ್ಪ ಹೇಳಿದ್ದಾರೆ. ನಾನು ಹೇಳುತ್ತಿಲ್ಲ, ಅಪ್ಪ ಹೇಳಿದ್ದಾರೆ. ಫೋನ್ ಬಿಟ್ಟು ಮುಂದಿನ ಬಂದರಿಗೆ ಕಾಗದ ಹಾಕುತ್ತಿರುವುದು ಯಾಕೆಂದರೆ, ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ‘ಅಕ್ಕಾ, ವಿಷಯ ಏನಂದ್ರೆ’ ಎಂದು ಶುರುಹಚ್ಚಿಕೊಳ್ಳುತ್ತೀಯ. ಈ ಸಲ ವಿಷಯ ಏನೆಂದು ನಾನು ಹೇಳುತ್ತೇನೆ. ಬಾಯಿ ಮುಚ್ಚಿಕೊಂಡು ಓದು.

ತರಕಾರಿ ಮಾರುಕಟ್ಟೆಯ ಹರಾಜುಗಾರರ ಬಗ್ಗೆ ನಿನಗೆ ಹೇಳಿದ್ದೆ. ಮೂವತ್ತೊಂದು ವರ್ಷ ಈರುಳ್ಳಿ ಮೂಟೆಯ ಮೇಲೆ ನಿಂತು ಬೆಲೆ ಕೂಗಿದ ಮನುಷ್ಯ. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಸರ್ಜನ್. ನನ್ನ ಕೆಲಸ ನಿನಗೆ ಗೊತ್ತೇ ಇದೆ: ಮಾತು ಹೋಗುವ ಮೊದಲು ಸಾವಿರದಾರುನೂರು ವಾಕ್ಯ ಓದಿಸಿ ಹಿಡಿದಿಡುವುದು, ಆಮೇಲೆ ಅವರು ಟೈಪ್ ಮಾಡಿದ್ದನ್ನು ಯಂತ್ರ ಅವರದೇ ದನಿಯಲ್ಲಿ ಆಡುವಂತೆ ಮಾಡುವುದು. ಜನವರಿಯಲ್ಲಿ ಹದಿನಾಲ್ಕು ಸಲ ಬಂದು ಕೂತರು. ನನ್ನ ಪಟ್ಟಿ ನೋಡಿ ಮೊದಲ ದಿನವೇ ಮುಖ ಸಿಂಡರಿಸಿದರು. ‘ಮೇಡಂ, ಇದ್ರಲ್ಲಿ ಒಂದು ಬೈಗುಳಾನೂ ಇಲ್ವಲ್ಲ. ಯಂತ್ರ ಇಷ್ಟು ಮರ್ಯಾದೆಯಿಂದ ಮಾತಾಡಿದ್ರೆ ನನ್ನ ಹೆಂಡ್ತಿ ಇದು ಅವರಲ್ಲ ಅಂತಾಳೆ.’ ಕೊನೆಗೆ ಇಪ್ಪತ್ತೆರಡು ಬೈಗುಳ ಸೇರಿಸಿದೆವು. ನಾನು ಹೆಡ್‌ಫೋನ್ ಹಾಕಿಕೊಂಡು, ನಗು ತಡೆದುಕೊಂಡು, ‘ಇನ್ನೊಂದ್ಸಲ, ಸ್ವಲ್ಪ ನಿಧಾನ’ ಎನ್ನುತ್ತಿದ್ದೆ. ಅವರ ಹೆಂಡತಿ ಒಂದು ದಿನ ‘ನಮ್ಮ ಮೊಬೈಲಲ್ಲೂ ಒಂದು ಕಾಪಿ ಇಟ್ಕೋತೀವಿ’ ಎಂದರು. ನಾನು, ಮಹಾ ಜಾಣೆ, ನೀನು ಕಲಿಸಿದ ಪಾಠವನ್ನು ಗಿಳಿಯಂತೆ ಒಪ್ಪಿಸಿದೆ. ‘ಬೇಡಮ್ಮ, ಇಲ್ಲಿ ಎರಡು ಡಿಸ್ಕಲ್ಲಿ ಇರುತ್ತೆ. ಒಂದು ಹೋದ್ರೆ ಇನ್ನೊಂದು.’

ಆ ಜೋಡಿ ಡಿಸ್ಕಿನ ಏರ್ಪಾಟಿಗೆ ನೀನು ‘ರೇಡ್’ ಅನ್ನುತ್ತಿದ್ದೆ. ರೇಡ್ ಅಂತೆ ರೇಡ್. ನಿನ್ನ ರಿಪೇರಿ ಅಂಗಡಿ ಮುಚ್ಚುವಾಗ ಉಳಿದ ಹಳೆಯ ಕಂಪ್ಯೂಟರು, ಅದರ ಹೊಟ್ಟೆಯಲ್ಲಿ ಎರಡು ಡಿಸ್ಕು, ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವ ಪುಕ್ಕಟೆ ಸಾಫ್ಟ್‌ವೇರು. ‘ಕನ್ನಡಿ ಇದ್ದ ಹಾಗೆ ಅಕ್ಕಾ, ಬೇರೆ ಬ್ಯಾಕಪ್ಪೇ ಬೇಡ’ ಎಂದು ನೀನು ಎದೆ ತಟ್ಟಿಕೊಂಡೆ. ನಿನ್ನ ಕನ್ನಡಿಯ ಕಥೆ ಕೇಳು. ಕಳೆದ ಜುಲೈಯಲ್ಲಿ ಮೇಲಿನ ಡಿಸ್ಕಿನ ತಂತಿ ಸಡಿಲವಾಗಿ ಅದು ಮಲಗಿತು. ಕೆಳಗಿನದು ಒಂದೇ ಏಳು ತಿಂಗಳು ದುಡಿಯಿತು. ಸಾಫ್ಟ್‌ವೇರು ದೂರು ಹೇಳಿತ್ತಂತೆ, ನಿನ್ನ ಅಂಗಡಿಯ ಇಮೇಲಿಗೆ! ಅಂಗಡಿಯೇ ಇಲ್ಲ, ಇಮೇಲ್ ಯಾರು ನೋಡುತ್ತಾರೆ? ಫೆಬ್ರವರಿ ಇಪ್ಪತ್ತಕ್ಕೆ ಕರೆಂಟು ಹೋಗಿ ಬಂತು. ಕೆಳಗಿನ ಡಿಸ್ಕು ಎದ್ದೇಳಲಿಲ್ಲ. ಎಲೆಕ್ಟ್ರಿಷಿಯನ್ ತಂತಿಗಳನ್ನೆಲ್ಲ ಒತ್ತಿ ನೋಡಿದ; ಏಳು ತಿಂಗಳು ಮಲಗಿದ್ದ ಮೇಲಿನದು ಎದ್ದು ಕೂತಿತು. ಅದರ ಲೆಕ್ಕಕ್ಕೆ ಇನ್ನೂ ಜುಲೈ. ಸ್ವಲ್ಪ ಹೊತ್ತಿಗೆ ಕೆಳಗಿನದೂ ಎದ್ದಿತು. ಇದನ್ನೂ ಜೊತೆಗೆ ಸೇರಿಸಲೇ ಎಂದು ಪರದೆ ಕೇಳಿತು.

ಆಗ ನಿನಗೆ ಫೋನ್ ಮಾಡಿದ್ದೆ. ನೆನಪಿದೆಯೇ? ಹಿಂದೆ ಯಾರೋ ನಗುತ್ತಿದ್ದರು, ನೀನು ಬಂದರಿನ ಹೋಟೆಲ್ಲಿನಲ್ಲಿದ್ದೆ. ‘ಜನವರಿ ಫೈಲುಗಳು ಕಾಣ್ತಿಲ್ಲ ಕಣೋ’ ಎಂದು ಎರಡು ಸಲ ಹೇಳಿದೆ. ‘ಸೇರಿದ ಮೇಲೆ ಕಾಣುತ್ತೆ ಅಕ್ಕಾ, ಯೆಸ್ ಒತ್ತು’ ಎಂದೆ ನೀನು. ಯಾವುದರಿಂದ ಯಾವುದಕ್ಕೆ ನಕಲಾಗುತ್ತದೆ ಎಂದು ಒಂದು ಮಾತು ಕೇಳಬಾರದಿತ್ತೇ? ನಾನು ಒತ್ತಿದೆ. ಮೇಲಿನ ಡಿಸ್ಕು ತನ್ನ ಜುಲೈಯನ್ನು ತೆಗೆದುಕೊಂಡು ಹೋಗಿ ಕೆಳಗಿನದರಲ್ಲಿದ್ದ ಏಳು ತಿಂಗಳ ಮೇಲೆ ಅಚ್ಚುಕಟ್ಟಾಗಿ ಬರೆಯಿತು. ಐದು ಗಂಟೆ ಹಿಡಿಯಿತು. ನಾನು ಪಕ್ಕದಲ್ಲೇ ಕೂತು ಶೇಕಡಾ ಏರುವುದನ್ನು ನೋಡುತ್ತಾ ಚಹಾ ಕುಡಿಯುತ್ತಿದ್ದೆ.

ಅಳಿಸಿದ್ದನ್ನು ತೆಗೆದುಕೊಡುವ ತಜ್ಞನ ಹತ್ತಿರ ಎರಡೂ ಡಿಸ್ಕು ಹೊತ್ತುಕೊಂಡು ಹೋದೆ. ಒಳ್ಳೆಯ ಮನುಷ್ಯ, ತಾಸುಗಟ್ಟಲೆ ನೋಡಿದ. ‘ಕೆಟ್ಟುಹೋಗಿದ್ರೆ ಏನಾದ್ರೂ ಮಾಡಬಹುದಿತ್ತು ಮೇಡಂ. ಇದು ಕೆಟ್ಟಿಲ್ಲ. ಇದರ ಮೇಲೆ ಬರ್ದಿದೆ’ ಎಂದ. ಜುಲೈಯಿಂದ ಈಚೆ ಓದಿದವರಲ್ಲಿ ಕೆಲವರ ದನಿ ಆಗಲೇ ಯಂತ್ರವಾಗಿ ಮನೆ ಸೇರಿತ್ತು. ಇಬ್ಬರು ಗೊಣಗಿಕೊಂಡು ಮತ್ತೆ ಬಂದು ಓದುತ್ತಿದ್ದಾರೆ. ಹರಾಜುಗಾರರಿಗೆ ಫೆಬ್ರವರಿ ಐದಕ್ಕೇ ಆಪರೇಷನ್ ಆಗಿತ್ತು.

ಮೊನ್ನೆ ಸೋಮವಾರ ಗಂಡಹೆಂಡಿರು ಯಂತ್ರ ತೆಗೆದುಕೊಂಡು ಹೋಗಲು ಬಂದರು. ಹರಾಜುಗಾರರು ಹೊಸ ಅಂಗಿ ಹಾಕಿಕೊಂಡಿದ್ದರು, ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ ತೂತಿಗೆ ಬಿಳಿ ಬಟ್ಟೆ. ದನಿ ಅಳಿಸಿಹೋಗಿದೆ ಎಂದು ನಾನು ಹೇಳಿದೆ. ಹೆಂಡತಿ ಕೂಗಾಡಲಿಲ್ಲ. ‘ಮೊಬೈಲಲ್ಲಿ ಇಟ್ಕೋತೀವಿ ಅಂದಾಗ ಬೇಡ ಅಂದಿದ್ದು ನೀವೇ ಅಲ್ವಾ?’ ಎಂದರು, ಅಷ್ಟೇ. ಹರಾಜುಗಾರರು ನೋಟ್‌ಬುಕ್ ಎಳೆದುಕೊಂಡು ಬರೆದು ನನ್ನತ್ತ ತಿರುಗಿಸಿದರು: ‘ಬೈಗುಳಾನೂ ಹೋಯ್ತಾ?’ ಹೌದೆಂದು ತಲೆಯಾಡಿಸಿದೆ. ಆಗ ಅವರು ಎದ್ದು ನಿಂತು, ಮೇಜಿನ ಮೇಲೆ ಎರಡೂ ಕೈಯೂರಿ, ನನ್ನ ಮುಖಕ್ಕೆ ಮುಖ ಕೊಟ್ಟು ಬೈದರು. ಒಂದಿಷ್ಟೂ ಸದ್ದಿಲ್ಲ. ಕತ್ತಿನ ಬಟ್ಟೆ ಮಾತ್ರ ಮೇಲೆ ಕೆಳಗೆ ಹಾರುತ್ತಿತ್ತು. ಒಂದೊಂದು ಬೈಗುಳವೂ ತುಟಿಯಲ್ಲೇ ನನಗೆ ಗೊತ್ತಾಯಿತು. ಎಲ್ಲವನ್ನೂ ಎರಡೆರಡು ಸಲ ಹೇಳಿಸಿದವಳು ನಾನೇ ತಾನೆ.

ಅದರಲ್ಲಿ ಅರ್ಧ ನಿನ್ನದು, ತೆಗೆದುಕೋ. ನಿನ್ನ ಪೆಟ್ಟಿಗೆಯನ್ನು ಕೋಣೆಯಿಂದ ಆಚೆಗೆ ಇಡಿಸಿದ್ದೇನೆ. ಈಗ ಓದಿದವರಿಗೆ ಓದಿದ ದಿನವೇ ಅವರ ಕಾಪಿ ಕೈಗೆ ಕೊಡುತ್ತೇನೆ. ಇನ್ನೊಂದು ಬಿಡಿ ಡಿಸ್ಕು ದಿನಾ ಸಂಜೆ ನರ್ಸಮ್ಮನ ಚೀಲದಲ್ಲಿ ಅವರ ಮನೆಗೆ ಹೋಗುತ್ತದೆ. ಇಂಥದೇ ಪೆಟ್ಟಿಗೆಯನ್ನು ದಂತವೈದ್ಯೆಯ ಕ್ಲಿನಿಕ್ಕಿನಲ್ಲೂ ಕೂರಿಸಿದ್ದೀಯ. ಈ ಕಾಗದ ಮಡಚುವ ಮೊದಲೇ ಆಕೆಗೆ ಫೋನ್ ಮಾಡು. ಅಪ್ಪನ ಆಶೀರ್ವಾದ. ನನ್ನದು ಸಿಟ್ಟು ಇಳಿದ ಮೇಲೆ ಬೇರೆ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅಕ್ಕ

ತಾ.ಕ.: ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿರಲಿಲ್ಲ. ಜುಲೈಯಿಂದ ದಿನಾ ಬೆಳಿಗ್ಗೆ ನನ್ನ ಪರದೆಯ ಮೂಲೆಯಲ್ಲೂ ಒಂದು ಹಳದಿ ಚೀಟಿ ಬರುತ್ತಿತ್ತು, ಒಂದು ಡಿಸ್ಕು ಕಾಣುತ್ತಿಲ್ಲ ಎಂದು. ಓದದೆ ಮುಚ್ಚುತ್ತಿದ್ದೆ. ಹರಾಜುಗಾರರೇ ಒಂದು ದಿನ ‘ಏನದು ಮೇಡಂ?’ ಎಂದು ಕೇಳಿದ್ದರು. ‘ಏನಿಲ್ಲ, ದಿನಾ ಬರುತ್ತೆ’ ಎಂದಿದ್ದೆ. ಸೋಮವಾರ ಅವರ ಮುಂದೆ ತಪ್ಪೆಲ್ಲ ತಮ್ಮನದು ಅಂದುಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ ಈ ಚೀಟಿಯ ವಿಷಯ ಹೇಳುತ್ತೇನೆ. ನೀನು ಬರಲಿ ಎಂದು ಕಾಯುವುದಿಲ್ಲ.